ಮುಧೋಳ ಮರಿ ಕರೆದರೆ ತಿರುಗಿಯೂ ನೋಡುವುದಿಲ್ಲ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾವು ಧಾರವಾಡದವರು. ಮುಧೋಳ ತಳಿಯ ಎರಡೂವರೆ ತಿಂಗಳ ಹೆಣ್ಣು ಮರಿ ತಂದು ಹದಿನೈದು ದಿನ ಆಯಿತು. ಮಕ್ಕಳು ‘ಚಿಗರಿ’ ಎಂದು ಹೆಸರಿಟ್ಟಿದ್ದಾರೆ. ಬಹಳ ಚುರುಕು, ಆದರೆ ಯಾರ ಮಾತೂ ಕೇಳುವುದಿಲ್ಲ. ಹತ್ತು ಸಲ ಹೆಸರು ಹಿಡಿದು ಕರೆದರೂ ತಿರುಗಿ ನೋಡದೆ ಅಂಗಳದ ಗುಬ್ಬಿ, ಓತಿಕ್ಯಾತದ ಹಿಂದೆ ಓಡುತ್ತದೆ. ನಾಲ್ಕು ವರ್ಷದ ಮಗನ ಕೈಕಾಲು ಕಚ್ಚುತ್ತದೆ. ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ. ‘ನಾಯಿಗೆ ಬಡಿಗಿ ಭಯ ಇರಬೇಕು’ ಎನ್ನುತ್ತಾರೆ ಮಾವನವರು. ಪರಿಚಯದ ತರಬೇತುದಾರರೊಬ್ಬರು ‘ಈಗ ಏನು ಕಲಿಸಿದರೂ ದಂಡ, ಆರು ತಿಂಗಳಾಗಲಿ, ಚೋಕ್ ಚೈನ್ ಹಾಕಿ ದಾರಿಗೆ ತರೋಣ’ ಎಂದರು. ನಮ್ಮದು ಶಾಕಾಹಾರಿ ಮನೆ, ಮಾಂಸದ ಚೂರು ತೋರಿಸಿ ಕಲಿಸುವುದು ಆಗದ ಮಾತು. ಭಾನುವಾರ ಹೊಲಕ್ಕೆ ಒಯ್ದು ಬಿಡಬಹುದೇ ಎಂಬುದೂ ತಿಳಿಯುತ್ತಿಲ್ಲ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಆರು ತಿಂಗಳು ಕಾಯಿರಿ ಎಂಬ ಸಲಹೆಯನ್ನು ಮೊದಲು ಬದಿಗಿಡಿ. ಕೊರಳಿಗೆ ಸರಪಳಿ ಹಾಕಿ, ತಪ್ಪಿದಾಗಲೆಲ್ಲ ಜಗ್ಗಿ ಕಲಿಸುವ ಹಳೆಯ ಪದ್ಧತಿಯಿಂದ ಬಂದ ಮಾತು ಅದು. ಎಳೆಯ ಕುತ್ತಿಗೆ ಆ ಜಗ್ಗಾಟ ತಾಳುವುದಿಲ್ಲವೆಂದು ಮರಿ ಬಲಿಯುವ ತನಕ ಕಾಯುತ್ತಿದ್ದರು. ಜಗ್ಗುವುದೇ ಇಲ್ಲ ಎಂದಮೇಲೆ ಕಾಯುವ ಕಾರಣವೂ ಉಳಿಯುವುದಿಲ್ಲ. ಎಂಟು ವಾರದ ಮರಿ ಕೂಡುವುದನ್ನೂ ಕರೆದರೆ ಬರುವುದನ್ನೂ ಸಲೀಸಾಗಿ ಕಲಿಯುತ್ತದೆ. ನೀವು ಕಲಿಸದಿದ್ದರೂ ಅದು ಸುಮ್ಮನಿರುವುದಿಲ್ಲ. ಈ ಹದಿನೈದು ದಿನಗಳಲ್ಲಿ ಚಿಗರಿ ನಿಮ್ಮ ಮನೆಯಲ್ಲಿ ಬೇಕಾದಷ್ಟು ಕಲಿತಾಗಿದೆ: ಹೆಸರು ಕೇಳಿಸಿದರೆ ತಿರುಗಬೇಕೆಂದೇನೂ ಇಲ್ಲ, ಕಚ್ಚಿದರೆ ಹುಡುಗ ಕಿರುಚಿ ಓಡುತ್ತಾನೆ, ಓಡುವವನನ್ನು ಬೆನ್ನಟ್ಟಿದರೆ ಮಜಾ ಇರುತ್ತದೆ. ಇದನ್ನೆಲ್ಲ ಯಾರೂ ಕೂತು ಕಲಿಸಲಿಲ್ಲ.

ಇನ್ನು ನೀವು ತಂದಿರುವುದು ಎಂಥ ನಾಯಿ ಎಂಬ ಮಾತು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳನ್ನು ತಲೆಮಾರುಗಟ್ಟಲೆ ಸಾಕಿದ್ದು ಮನುಷ್ಯನ ಪಕ್ಕದಲ್ಲೇ ಇದ್ದು, ಅವನ ಸನ್ನೆ ನೋಡಿ ಕೆಲಸ ಮಾಡಲೆಂದು. ಅವು ಹುಟ್ಟಾ ನಿಮ್ಮ ಮುಖ ನೋಡುತ್ತವೆ. ಮುಧೋಳ ಕಣ್ಣಿನಿಂದ ಬೇಟೆ ಹುಡುಕುವ ತಳಿ. ಬಯಲುಸೀಮೆಯ ತೆರೆದ ಹೊಲದಲ್ಲಿ, ದೂರದಲ್ಲೆಲ್ಲೋ ಅಲ್ಲಾಡಿದ್ದನ್ನು ಕಂಡು, ಹಿಂದಿರುವ ಬೇಟೆಗಾರನ ಅಪ್ಪಣೆಗೆ ಕಾಯದೆ ತಾನೇ ನಿರ್ಧರಿಸಿ ಓಡುವುದು ಅದರ ಕಸುಬಾಗಿತ್ತು. ಹಿಂದೆ ತಿರುಗಿ ‘ಹೋಗಲೇ?’ ಎಂದು ಕೇಳುವ ನಾಯಿಗೆ ಮೊಲ ಸಿಗುತ್ತಿರಲಿಲ್ಲ. ಚಿಗರಿ ಗುಬ್ಬಿಯ ಹಿಂದೆ ಓಡುವುದು ಹಟದಿಂದಲ್ಲ, ಮೈಯಲ್ಲಿ ಬಂದ ಗುಣದಿಂದ.

2005ರಲ್ಲಿ ಈ ತಳಿ ಅಂಚೆಚೀಟಿಯ ಮೇಲೆ ಬಂತು. ಸೇನೆಯವರು ಮೀರತ್‌ನ ತಮ್ಮ ಕೇಂದ್ರಕ್ಕೆ ಮರಿಗಳನ್ನು ಒಯ್ದು ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲೂ ಹೆಸರು ಕೇಳಿಬಂತು. ಆ ಹೆಸರು ನೋಡಿ ಪಟ್ಟಣದ ಮನೆಗಳಿಗೆ ಮರಿ ತಂದವರಲ್ಲಿ ಅನೇಕರು ನಾಲ್ಕು ತಿಂಗಳಾಗುವಷ್ಟರಲ್ಲಿ ‘ಇದಕ್ಕೆ ಬುದ್ಧಿ ಕಡಿಮೆ’ ಎಂದು ದೂರುತ್ತಾರೆ. ಬುದ್ಧಿ ಬೇಕಾದಷ್ಟಿದೆ. ನಿಮ್ಮನ್ನು ಕೇಳಿ ನಡೆಯುವುದರಲ್ಲಿ ತನಗೇನು ಲಾಭ ಎಂಬುದು ಅದಕ್ಕಿನ್ನೂ ಕಂಡಿಲ್ಲ, ಅಷ್ಟೇ.

ಆದ್ದರಿಂದ ಮೊದಲ ಎರಡು ತಿಂಗಳು ಶೇಕ್‌ಹ್ಯಾಂಡು, ಸಲಾಮು ಯಾವುದೂ ಬೇಡ. ಹೆಸರು ಹಿಡಿದರೆ ತಿರುಗುವುದು, ಕರೆದರೆ ಓಡಿ ಬರುವುದು, ಇವೆರಡಕ್ಕೇ ನಿಮ್ಮ ಶಕ್ತಿ ಸುರಿಯಿರಿ. ಕೂಡುವುದು, ತನ್ನ ಜಾಗದಲ್ಲಿ ಮಲಗುವುದು, ಬಾಯಲ್ಲಿದ್ದದ್ದನ್ನು ಬಿಡುವುದು ಜೊತೆಜೊತೆಗೇ ಬರುತ್ತವೆ. ಬೇರೆ ತಳಿಯ ನಾಯಿ ಕರೆದಾಗ ಬರದಿದ್ದರೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಮುಧೋಳ ಬರದಿದ್ದರೆ ಹೆದ್ದಾರಿ ದಾಟಿರುತ್ತದೆ.

ಕೂಲಿಯ ವಿಷಯ. ಮಾಂಸವಿಲ್ಲದೆ ಆಗುವುದಿಲ್ಲ ಎಂದು ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಪನೀರನ್ನು ತೊಗರಿಬೇಳೆಯ ಗಾತ್ರಕ್ಕೆ ಹೆಚ್ಚಿ ಡಬ್ಬಿಯಲ್ಲಿಟ್ಟುಕೊಳ್ಳಿ. ಬೇಯಿಸಿದ ಗೆಣಸು, ಗಜ್ಜರಿ ಕೂಡ ಆಗುತ್ತವೆ. ಅಂಗಡಿಯ ಪಪ್ಪಿ ಆಹಾರ ಹಾಕುತ್ತಿದ್ದರೆ ದಿನದ ಪಾಲಿನಲ್ಲೇ ಒಂದು ಹಿಡಿ ತೆಗೆದಿಟ್ಟು ಕಾಳು ಕಾಳಾಗಿ ಕೊಡಿ. ಮನೆಯೊಳಗಿನ ಸುಲಭದ ಪಾಠಕ್ಕೆ ಒಣ ಕಾಳು ಸಾಕು. ಅಂಗಳದಲ್ಲಿ ಗುಬ್ಬಿ ಬಿಟ್ಟು ಬಂದದ್ದಕ್ಕೆ ಪನೀರೇ ಆಗಬೇಕು, ಕಷ್ಟಕ್ಕೆ ತಕ್ಕ ಕೂಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮಣೂಕ, ಚಾಕೊಲೇಟ್ ನಾಯಿಗೆ ವಿಷ. ಒಗ್ಗರಣೆ ಹಾಕಿದ ಪಲ್ಯದ ಚೂರನ್ನು ಮಕ್ಕಳು ಕೊಡದಂತೆ ನೋಡಿಕೊಳ್ಳಿ. ಪಾಠ ಊಟಕ್ಕೆ ಮುಂಚೆ ಇರಲಿ, ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಐದು ನಿಮಿಷ ದಾಟಿದರೆ ಮರಿ ಆಕಳಿಸುತ್ತದೆ, ನೆಲ ಮೂಸುತ್ತದೆ, ಮೈ ಕೆರೆದುಕೊಳ್ಳುತ್ತದೆ. ಅದನ್ನು ಉದ್ಧಟತನ ಎಂದು ತಿಳಿಯಬೇಡಿ, ಸಾಕಾಯಿತು ಎಂದು ಹೇಳುವ ರೀತಿ ಅದು.

ಕೊಡುವುದಕ್ಕಿಂತ ಮುಂಚೆ ಒಂದು ಸಣ್ಣ ಮಾತು ಬೇಕು, ‘ಈಗ ಮಾಡಿದ್ದೇ ಸರಿ’ ಎಂದು ತಿಳಿಸುವುದಕ್ಕೆ. ನಿಮ್ಮ ಮನೆಯಲ್ಲಿ ‘ಭಲೆ’ ಎನ್ನಬಹುದು. ಮರಿ ಸರಿಯಾದದ್ದನ್ನು ಮಾಡಿದ ಗಳಿಗೆಯಲ್ಲೇ ‘ಭಲೆ’, ಆಮೇಲೆ ತುಣುಕು. ಮಾತು ಒಂದು ಸೆಕೆಂಡ್ ತಡವಾದರೂ ಮರಿ ಅಷ್ಟರಲ್ಲಿ ಬೇರೇನೋ ಮಾಡಿರುತ್ತದೆ, ಭಲೆ ಅದಕ್ಕೆ ಹೋಗುತ್ತದೆ. ಕೂತಿತೆಂದು ಹೊಗಳಲು ಹೋಗಿ, ಎದ್ದು ನಿಂತದ್ದಕ್ಕೆ ಕೂಲಿ ಕೊಡುವವರೇ ಹೆಚ್ಚು.

ಈಗ ಹೆಸರು. ಇಂದಿನಿಂದ ಒಂದು ವಾರ ಆ ಹೆಸರನ್ನು ಬೈಗುಳಕ್ಕೆ ಬಳಸುವುದು ಬಂದ್. ‘ಚಿಗರೀ, ಬಿಡು ಅದನ್ನ’, ‘ಚಿಗರೀ, ಛೀ’ ಎಂದು ದಿನವಿಡೀ ಕೂಗಿದರೆ ಆ ಹೆಸರು ಮರಿಯ ಪಾಲಿಗೆ ಬೀದಿಯ ಹಾರ್ನ್ ಆಗಿಬಿಡುತ್ತದೆ. ಪಡಸಾಲೆಯಲ್ಲಿ, ಬಾಗಿಲು ಹಾಕಿ, ಮಕ್ಕಳನ್ನು ಒಳಗೆ ಕಳಿಸಿ, ನೆಲದ ಮೇಲೆ ಕೂತುಕೊಳ್ಳಿ. ಮರಿ ಎಲ್ಲೋ ನೋಡುತ್ತಿರುವಾಗ ಮೆಲ್ಲಗೆ ಒಂದೇ ಸಲ ‘ಚಿಗರಿ’ ಎನ್ನಿ. ಮುಧೋಳ ಮರಿಯ ಇಳಿಬಿದ್ದ ಕಿವಿಗಳನ್ನು ಗಮನಿಸಿ: ಮೊದಲು ಕಿವಿಯ ಬುಡ ಹಿಂದಕ್ಕೆ ಸರಿಯುತ್ತದೆ, ಕೇಳಿಸಿತು ಎಂದರ್ಥ. ಆಮೇಲೆ ಮೂತಿ ತಿರುಗುತ್ತದೆ. ಮೂತಿ ತಿರುಗಿದ ಆ ಗಳಿಗೆಗೆ ‘ಭಲೆ’. ತಿರುಗದಿದ್ದರೆ ಎರಡನೇ ಸಲ ಕೂಗಬೇಡಿ. ಬಾಯಲ್ಲಿ ಚುಚ್ಚುಚ್ಚು ಎನ್ನಿ, ನೆಲ ತಟ್ಟಿ, ತಿರುಗಿದ ಮೇಲೆ ಕೊಡಿ. ಹತ್ತು ಸಲ ಕರೆದರೆ ತಿರುಗುವುದಿಲ್ಲ ಎಂದು ಬರೆದಿದ್ದೀರಿ. ಹತ್ತು ಸಲ ಕರೆದದ್ದೇ ಕಾರಣ. ಹತ್ತನೆಯದು ಬರುವ ತನಕ ಅವಸರವಿಲ್ಲ ಎಂದು ಅದು ಕಲಿತಿದೆ.

ಕರೆಯುವ ಮಾತಿಗೆ ಬರೀ ‘ಬಾ’ ಬೇಡ. ಮನೆಯಲ್ಲಿ ದಿನಕ್ಕೆ ನೂರು ಸಲ ಯಾರೋ ಯಾರಿಗೋ ‘ಬಾ’ ಎನ್ನುತ್ತಿರುತ್ತಾರೆ. ಮರಿಗೆಂದೇ ಮೀಸಲಾದದ್ದೊಂದು ಇರಲಿ: ‘ಓಡ್ ಬಾ’, ‘ಇತ್ತ ಇತ್ತ’, ಇಲ್ಲವೇ ಪೀಪಿ. ಸೀಟಿ ಹೊಡೆಯುವವರಿದ್ದರೆ ಕುಕ್ಕರಿನ ಸೀಟಿಗೆ ಹೋಲದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅನ್ನ ಬೇಯುವಾಗಲೆಲ್ಲ ಮರಿ ಅಡುಗೆಮನೆಗೆ ಓಡಿ ಬಂದು ಬರಿಗೈ ನೋಡಿ ಹೋಗುತ್ತದೆ. ಯಾವ ಮಾತೆಂದು ತೀರ್ಮಾನಿಸಿದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಅತ್ತೆ ‘ಕುಂಡ್ರು’, ಯಜಮಾನರು ‘ಕೂತ್ಕೋ’, ಮಗಳು ‘ಸಿಟ್’ ಎಂದರೆ ಮರಿಗೆ ಮೂರು ಬೇರೆ ಬೇರೆ ಸದ್ದು. ಕನ್ನಡವೋ ಇಂಗ್ಲಿಷೋ ಅದಕ್ಕೆ ಸಂಬಂಧವಿಲ್ಲ, ಎಲ್ಲರದೂ ಒಂದೇ ಆಗಿರಬೇಕು.

ಕರೆದರೆ ಬರುವುದನ್ನು ಆಟವಾಗಿ ಕಲಿಸಿ. ನೀವು ಪಡಸಾಲೆಯ ಈ ತುದಿ, ಮಗಳು ಆ ತುದಿ, ನಡುವೆ ಐದಾರು ಅಡಿ. ನೀವು ಖುಷಿಯ ದನಿಯಲ್ಲಿ ಕರೆದು ನಿಮ್ಮ ಕಾಲ ಬಳಿಯೇ ತುಣುಕು ಕೊಡಿ, ಇನ್ನೊಂದು ಕೈಯಿಂದ ಕೊರಳಪಟ್ಟಿಯನ್ನು ಮೃದುವಾಗಿ ಮುಟ್ಟಿ ಬಿಡಿ. ಆಮೇಲೆ ಮಗಳು ಕರೆಯಲಿ. ಕೊರಳಪಟ್ಟಿ ಮುಟ್ಟುವುದನ್ನು ಮರೆಯಬೇಡಿ: ಮುಂದೆ ರಸ್ತೆಯಲ್ಲಿ ಹತ್ತಿರ ಬಂದು, ಹಿಡಿಯಲು ಕೈ ಚಾಚಿದೊಡನೆ ಜಿಗಿದು ತಪ್ಪಿಸಿಕೊಳ್ಳುವ ನಾಯಿಗಳೆಲ್ಲ ಈ ಪಾಠ ತಪ್ಪಿಸಿಕೊಂಡವು. ಒಳಗೆ ಪಕ್ಕಾ ಆದ ಮೇಲೆ ಅಂಗಳ. ಅಲ್ಲಿ ಎದೆಪಟ್ಟಿಗೆ, ಅಂದರೆ ಹಾರ್ನೆಸ್‌ಗೆ, ಹಗುರವಾದ ಹತ್ತು ಮೀಟರ್ ಹಗ್ಗ ಕಟ್ಟಿ ನೆಲದ ಮೇಲೆ ಎಳೆದಾಡಲು ಬಿಡಿ. ಕೊರಳಿಗೆ ಕಟ್ಟಬೇಡಿ. ಓಟದ ಭರದಲ್ಲಿ ಹಗ್ಗ ತುದಿ ಮುಟ್ಟಿದರೆ ಅಷ್ಟೂ ಪೆಟ್ಟು ಕುತ್ತಿಗೆಗೆ ಬೀಳುತ್ತದೆ.

ಅಂಗಳದಲ್ಲಿ ನೀವು ಕಲಿಯಬೇಕಾದದ್ದು ಮರಿಯನ್ನು ಓದುವುದು. ಗುಬ್ಬಿ ಕಂಡಾಗ ಚಿಗರಿ ತಕ್ಷಣ ಓಡುವುದಿಲ್ಲ, ನೋಡಿ. ಒಂದೆರಡು ಸೆಕೆಂಡ್ ಕಲ್ಲಿನಂತೆ ನಿಲ್ಲುತ್ತದೆ. ಬಾಲದ ಅಲ್ಲಾಟ ನಿಲ್ಲುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ, ಒಂದು ಮುಂಗಾಲು ಅರ್ಧ ಮೇಲೇಳುತ್ತದೆ. ನೀವು ಕರೆಯಬೇಕಾದ ಹೊತ್ತು ಅದು. ಓಟ ಶುರುವಾದ ಮೇಲೆ ಈ ವಯಸ್ಸಿನ ಯಾವ ಮುಧೋಳವೂ ಯಾರ ಕೂಗಿಗೂ ನಿಲ್ಲುವುದಿಲ್ಲ. ಕೂಗಿದಷ್ಟೂ ನಿಮ್ಮ ಮಾತಿನ ಬೆಲೆ ಇಳಿಯುತ್ತದೆ, ಆಗ ಬಾಯಿ ಮುಚ್ಚಿ ಹಗ್ಗದ ತುದಿ ಮೆಟ್ಟಿ. ಮುಂಗಾಲು ಎತ್ತಿದ ಹೊತ್ತಿನಲ್ಲಿ ಕರೆದು, ನೀವು ಅದಕ್ಕೆ ಬೆನ್ನು ಹಾಕಿ ಎದುರು ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ. ಓಡುವುದನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ ತಾನೇ? ಆ ಗುಣ ನಿಮ್ಮ ಕೆಲಸಕ್ಕೆ ಬರಲಿ. ನಿಮ್ಮನ್ನು ಹಿಡಿದ ಮೇಲೆ ಪನೀರು, ಜೊತೆಗೆ ಒಂದು ಚಿಂದಿ ಬಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆದು ಬೆನ್ನಟ್ಟಿಸಿ, ಕೊನೆಗೆ ಹಿಡಿಯಲು ಬಿಡಿ. ಈ ತಳಿಗೆ ಬಟ್ಟೆ ಬೆನ್ನಟ್ಟುವ ಆಟ ಪನೀರಿಗಿಂತ ದೊಡ್ಡ ಬಹುಮಾನ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಇದರಲ್ಲಿ ಒಂದು ಕಟ್ಟುನಿಟ್ಟು. ‘ಓಡ್ ಬಾ’ ಎಂದು ಕರೆದು ಸ್ನಾನಕ್ಕೆ ಒಯ್ಯಬೇಡಿ, ಔಷಧಿ ಕುಡಿಸಬೇಡಿ, ಕಟ್ಟಿ ಹಾಕಬೇಡಿ, ಚಪ್ಪಲಿ ಹರಿದದ್ದಕ್ಕೆ ಬೈಯಬೇಡಿ. ಅಂಥ ಕೆಲಸಕ್ಕೆ ನೀವೇ ಹೋಗಿ ಎತ್ತಿಕೊಂಡು ಬನ್ನಿ. ಆಟ ಮುಗಿಸಲು ಕರೆಯಬೇಕಾದಾಗ ಮೂರು ನಾಲ್ಕು ಸಲ ಕರೆದು, ಕೊಟ್ಟು, ಮತ್ತೆ ಆಡಲು ಬಿಟ್ಟು, ಕೊನೆಯ ಸಲ ಮಾತ್ರ ಒಳಗೆ ಒಯ್ಯಿರಿ. ಕರೆದರೆಂದರೆ ಆಟ ಮುಗಿಯಿತು ಎಂಬ ಲೆಕ್ಕ ಅದರ ತಲೆಯಲ್ಲಿ ಕೂರಬಾರದು.

ಕೊರಳಪಟ್ಟಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮುಧೋಳದ ತಲೆ ಕಿರಿದು, ಕುತ್ತಿಗೆಗೂ ತಲೆಗೂ ಹೆಚ್ಚು ವ್ಯತ್ಯಾಸವಿಲ್ಲ. ಸಾಧಾರಣ ಬಕಲ್ ಪಟ್ಟಿ ಹಾಕಿ ಬೀದಿಗೆ ಒಯ್ದರೆ, ಹೆದರಿ ಹಿಂದಕ್ಕೆ ಜಗ್ಗಿದಾಗ ಪಟ್ಟಿ ಕಿವಿ ದಾಟಿ ಕಳಚಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಅಗಲವಾದ ಮಾರ್ಟಿಂಗೇಲ್ ಪಟ್ಟಿ ಎಂದು ಸಿಗುತ್ತದೆ, ಜಗ್ಗಿದಾಗ ಒಂದು ಮಿತಿಯವರೆಗೆ ಬಿಗಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಅದು ಸಿಗದಿದ್ದರೆ ಮೈಗೆ ಸರಿಹೊಂದುವ ಹಾರ್ನೆಸ್. ಚೋಕ್ ಚೈನ್ ಅಂತೂ ಬೇಡವೇ ಬೇಡ. ಉದ್ದ ಕುತ್ತಿಗೆ, ತೆಳು ಚರ್ಮ, ಮೇಲೆ ಕೊಬ್ಬಿನ ಪದರವೂ ಇಲ್ಲ, ಆ ಸರಪಳಿ ನೇರವಾಗಿ ಗಂಟಲ ನಳಿಕೆಯನ್ನೇ ಒತ್ತುತ್ತದೆ.

ಕೂಡುವುದನ್ನು ಕಲಿಸುವುದು ಎಲ್ಲಕ್ಕಿಂತ ಸುಲಭ. ತುಣುಕನ್ನು ಮೂಗಿನ ತುದಿಗೆ ಹಿಡಿದು, ನಿಧಾನವಾಗಿ ಹಣೆಯ ಮೇಲಿಂದ ಹಿಂದಕ್ಕೆ ಸರಿಸಿ. ಮೂತಿ ಮೇಲಾದಂತೆ ಕುಂಡೆ ತಾನಾಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಕೂಡಲೇ ‘ಭಲೆ’. ಕೈ ತೀರಾ ಮೇಲೆ ಹೋದರೆ ಮರಿ ನೆಗೆಯುತ್ತದೆ, ಅಷ್ಟೇ ತಪ್ಪು ಆಗುವುದು. ಬೆನ್ನು ಒತ್ತಿ ಕೂರಿಸಬೇಡಿ. ಮೂರು ನಾಲ್ಕು ದಿನ ಕೈಸನ್ನೆಗೆ ಕೂತ ಮೇಲೆ ‘ಕುಂಡ್ರು’ ಎಂಬ ಮಾತು ಸೇರಿಸಿ. ಮಾತು ಮೊದಲು, ಸನ್ನೆ ಆಮೇಲೆ. ಕೈಯಲ್ಲಿ ತುಣುಕು ಕಂಡರೆ ಮಾತ್ರ ಕೂಡುವ ಚಾಳಿ ಬೀಳದಿರಲಿ. ಒಂದು ವಾರದೊಳಗೆ ಖಾಲಿ ಕೈಯಿಂದ ಸನ್ನೆ ಮಾಡಿ, ಇನ್ನೊಂದು ಕೈಯಿಂದ ಡಬ್ಬಿಯಿಂದ ತೆಗೆದು ಕೊಡಿ.

ಮುಧೋಳ ದೊಡ್ಡದಾದಂತೆ ಕೂಡುವುದನ್ನು ಅಷ್ಟಾಗಿ ಇಷ್ಟಪಡುವುದಿಲ್ಲ. ತೊಡೆಯ ಸ್ನಾಯು ಗಟ್ಟಿ, ಮೈಯಲ್ಲಿ ಮಾಂಸ ಕಡಿಮೆ, ನಿಮ್ಮ ಶಹಾಬಾದ್ ಕಲ್ಲಿನ ನೆಲ ತಣ್ಣಗೆ. ನಿಲ್ಲುತ್ತದೆ, ಇಲ್ಲವೇ ಮಲಗುತ್ತದೆ. ಅದಕ್ಕೇ ನಾನು ಈ ತಳಿಗೆ ಕೂಡುವುದಕ್ಕಿಂತ ‘ಜಾಗಾ’ ಕಲಿಸಲು ಹೇಳುತ್ತೇನೆ. ಅತ್ತೆಯವರ ಬಳಿ ಹಳೆಯ ಕೌದಿ ಒಂದು ಇದ್ದೇ ಇರುತ್ತದೆ, ಅದನ್ನು ನಾಲ್ಕು ಮಡಿಕೆ ಮಾಡಿ ಪಡಸಾಲೆಯ ಮೂಲೆಗೆ ಹಾಸಿ. ಮರಿ ತಾನಾಗಿ ಅದರ ಮೇಲೆ ಕಾಲಿಟ್ಟರೂ ‘ಭಲೆ’, ತುಣುಕನ್ನು ಕೌದಿಯ ಮೇಲೇ ಹಾಕಿ. ಎರಡು ದಿನದಲ್ಲಿ ಅದೇ ಹೋಗಿ ನಿಂತು ನಿಮ್ಮ ಮುಖ ನೋಡತೊಡಗುತ್ತದೆ. ಆಗ ಕೊಡುವುದನ್ನು ತುಸು ತಡ ಮಾಡಿ. ನಿಂತು ಬೇಸತ್ತು ಮಲಗುತ್ತದೆ, ಮಲಗಿದ್ದಕ್ಕೆ ಎರಡು ತುಣುಕು. ಆಮೇಲೆ ‘ಜಾಗಾ’ ಎಂಬ ಮಾತು. ಅತಿಥಿಗಳು ಬಂದಾಗ, ಊಟಕ್ಕೆ ಕೂತಾಗ, ಅತ್ತೆ ರೊಟ್ಟಿ ಬಡಿಯುವಾಗ ಮರಿಯನ್ನು ಅಲ್ಲಿಗೆ ಕಳಿಸಬಹುದು. ಕೌದಿ ಮಡಚಿ ಕಾರಿನಲ್ಲಿ ಹಾಕಿಕೊಂಡು ಹೋದರೆ ಬೀಗರ ಮನೆಯಲ್ಲೂ ಜಾಗಾ ಜಾಗಾವೇ. ಮೇಲೆ ನೆಗೆಯುವ ಚಟಕ್ಕೂ ಇದೇ ಔಷಧಿ: ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದು, ನೆಗೆದರೆ ಬೆನ್ನು ತಿರುಗಿಸುವುದು. ಅಜ್ಜನಿಗೆ ಒಂದು ನ್ಯಾಯ, ಮೊಮ್ಮಗನಿಗೆ ಒಂದು ನ್ಯಾಯ ಇರಬಾರದು.

ಕಚ್ಚುವುದು. ಎರಡೂವರೆ ತಿಂಗಳ ಮರಿ ಕಚ್ಚದಿದ್ದರೆ ಚಿಂತೆ ಮಾಡಬೇಕು. 28 ಹಾಲುಹಲ್ಲುಗಳು ಸೂಜಿಯ ಹಾಗೆ ಇರುತ್ತವೆ, ನಾಲ್ಕನೇ ತಿಂಗಳ ಹೊತ್ತಿಗೆ ಒಂದೊಂದಾಗಿ ಬಿದ್ದು, ಆರೇಳು ತಿಂಗಳಾಗುವಷ್ಟರಲ್ಲಿ 42 ಗಟ್ಟಿಹಲ್ಲು ಬರುತ್ತವೆ. ಅಲ್ಲಿಯ ತನಕ ಒಸಡು ನವೆಯುತ್ತಿರುತ್ತದೆ. ಹಳೆಯ ಟವೆಲ್ ತುಂಡನ್ನು ಗಂಟು ಹಾಕಿ, ನೀರಲ್ಲಿ ಅದ್ದಿ, ಫ್ರೀಜರಿನಲ್ಲಿಟ್ಟು ಕೊಡಿ; ದೊಡ್ಡವರು ಮುಂದೆ ಕೂತಿರುವಾಗ ಮಾತ್ರ. ಕೈಗೆ ಬಾಯಿ ಹಾಕಿದರೆ ಕೂಗಾಡದೆ ಆಟ ನಿಲ್ಲಿಸಿ, ಕೈ ಎಳೆದುಕೊಳ್ಳದೆ ಸಡಿಲ ಬಿಡಿ, ಎದ್ದು ಅರ್ಧ ನಿಮಿಷ ಆಚೆ ಹೋಗಿ. ಎಳೆದರೆ ಅದಕ್ಕೆ ಬೇಟೆಯಾಟ. ನಾಲ್ಕು ವರ್ಷದ ಹುಡುಗನಿಗೆ ಇಷ್ಟೆಲ್ಲ ಹೇಳಿ ಪ್ರಯೋಜನವಿಲ್ಲ. ಅವನಿಗೆ ‘ಗಿಡ ಆಗು’ ಎಂಬ ಆಟ ಕಲಿಸಿ, ಮರಿ ಬಂದೊಡನೆ ಕೈಕಟ್ಟಿ ಅಲ್ಲಾಡದೆ ನಿಲ್ಲುವುದು. ದೊಡ್ಡವರಿಲ್ಲದೆ ಅವರಿಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ಸಂಜೆ ಆರರಿಂದ ಎಂಟರ ತನಕ ಹುಚ್ಚೆದ್ದಂತೆ ಕಚ್ಚುತ್ತದೆಯೇ? ನಿದ್ದೆಗೆಟ್ಟಿದೆ ಎಂದು ತಿಳಿಯಿರಿ. ಈ ವಯಸ್ಸಿನ ಮರಿ ದಿನಕ್ಕೆ ಹದಿನೆಂಟು ತಾಸಾದರೂ ಮಲಗಬೇಕು. ಶಾಲೆಯಿಂದ ಬಂದ ಮಕ್ಕಳು ಅದನ್ನು ಮಲಗಲು ಬಿಡುವುದಿಲ್ಲ.

ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ, ಅಂದರೆ ಚಿಗರಿಗೆ ಇನ್ನೂ ಆಗಿರಲಿಕ್ಕಿಲ್ಲ. ಹಲ್ಲೋ ಉಗುರೋ ತಾಗಿ ಹುಡುಗನ ಚರ್ಮ ಸ್ವಲ್ಪ ಸೀಳಿದರೂ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸಿ. ‘ಮನೆ ಮರಿ ತಾನೇ’ ಎಂದು ಬಿಡಬೇಡಿ. ಅರಿಸಿನ, ಸುಣ್ಣ ಹಚ್ಚುತ್ತಾ ಕೂರಬೇಡಿ.

ಬಾಯಲ್ಲಿದ್ದದ್ದನ್ನು ಬಿಡಿಸುವುದಕ್ಕೆ ದವಡೆ ಅಗಲಿಸಿ ಕಸಿದುಕೊಳ್ಳುವ ಬದಲು ಅದಲು ಬದಲು ಮಾಡಿ: ಮೂಗಿನ ಹತ್ತಿರ ಪನೀರು, ಬಾಯಿ ತೆರೆದಾಗ ‘ಬಿಡು’, ಮತ್ತೆ ಸಾಧ್ಯವಾದರೆ ಅದರ ವಸ್ತುವನ್ನೂ ಮರಳಿ ಕೊಡಿ. ಕಸಿದುಕೊಂಡು ಬೆಳೆಸಿದ ನಾಯಿ ಮುಂದೆ ಸಿಕ್ಕಿದ್ದನ್ನು ಗಬಕ್ಕನೆ ನುಂಗುತ್ತದೆ, ಇಲ್ಲವೇ ಗುರ್ರ್ ಎನ್ನುತ್ತದೆ.

ಉಚ್ಚೆಯದು ಪಾಠಕ್ಕಿಂತ ಹೆಚ್ಚಾಗಿ ವೇಳಾಪಟ್ಟಿಯ ವಿಷಯ. ಎಷ್ಟು ತಿಂಗಳಾಗಿದೆಯೋ ಅದಕ್ಕೆ ಒಂದು ಸೇರಿಸಿದಷ್ಟು ತಾಸು ತಡೆದುಕೊಳ್ಳಬಲ್ಲದು ಎಂಬುದು ಸ್ಥೂಲ ಲೆಕ್ಕ, ಅದೂ ಮಲಗಿದ್ದಾಗ. ಎಚ್ಚರವಿದ್ದು ಆಡುವಾಗ ತಾಸಿಗೊಮ್ಮೆ ಬೇಕು. ಎದ್ದ ಕೂಡಲೇ, ಉಂಡ ಹತ್ತಿಪ್ಪತ್ತು ನಿಮಿಷಕ್ಕೆ, ಆಟ ಮುಗಿದೊಡನೆ ಅಂಗಳದ ಒಂದೇ ಜಾಗಕ್ಕೆ ಒಯ್ದು ಸುಮ್ಮನೆ ನಿಂತುಕೊಳ್ಳಿ. ಮುಗಿಸಿದ ಮೇಲೆ ಅಲ್ಲೇ ಕೊಡಿ, ಒಳಗೆ ಬಂದ ಮೇಲಲ್ಲ. ಒಳಗೆ ಹೊಯ್ದದ್ದು ಆಮೇಲೆ ಕಂಡರೆ ಒರೆಸಿ ಬಿಡಿ, ಮೂಗು ಒತ್ತಿ ತೋರಿಸುವ ಪದ್ಧತಿಯಿಂದ ಮರಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಹೊಯ್ಯುವುದನ್ನು. ಫಿನೈಲ್ ವಾಸನೆ ನಿಮಗೆ ಸ್ವಚ್ಛ, ಅದರ ಮೂಗಿಗೆ ಹಳೆಯ ವಾಸನೆ ಅಡಿಯಲ್ಲಿ ಹಾಗೇ ಇರುತ್ತದೆ. ಮರಿ ನೆಕ್ಕುವ ನೆಲಕ್ಕೆ ಅದು ಒಳ್ಳೆಯದೂ ಅಲ್ಲ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಎಂಜೈಮ್ ಇರುವ ದ್ರಾವಣ ಸಿಗುತ್ತದೆ. ಪದೇ ಪದೇ ಹನಿ ಹನಿಯಾಗಿ ಹೊಯ್ಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ಹೆಣ್ಣು ಮರಿಗಳಿಗೆ ಮೂತ್ರನಾಳದ ಸೋಂಕು ಬರುವುದುಂಟು.

ಮಾವನವರ ಬಡಿಗೆಯ ಮಾತಿಗೆ ಬರೋಣ. ಅವರು ಕಂಡ ಕಾಲದಲ್ಲಿ ನಾಯಿ ಹೊಲದಲ್ಲೋ ಹಿತ್ತಲಲ್ಲೋ ಇತ್ತು, ‘ಹೋಗು’ ಎಂಬ ಒಂದೇ ಪಾಠ ಸಾಕಾಗುತ್ತಿತ್ತು, ಅದಕ್ಕೆ ಬಡಿಗೆ ಸಾಕು. ನಿಮಗೆ ಬೇಕಿರುವುದು ‘ಬಾ’. ಬಡಿಗೆ ಹಿಡಿದವನ ಕಡೆಗೆ ಯಾರು ಓಡಿ ಬರುತ್ತಾರೆ? ಅದರಲ್ಲೂ ಮುಧೋಳ ಬಲು ಮಾನಸ್ಥ ನಾಯಿ. ಹೊಡೆದರೆ ಎದುರು ನಿಲ್ಲುವುದಿಲ್ಲ, ಮೈ ಮುದುರಿ ದೂರ ಸರಿದು ನಿಲ್ಲುತ್ತದೆ. ಆ ದೂರವನ್ನು ಮತ್ತೆ ತುಂಬಲು ತಿಂಗಳುಗಳು ಬೇಕು. ಮಾವನವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ, ಬೆಳಗಿನ ಊಟ ಹಾಕುವ ಕೆಲಸ ಅವರಿಗೇ ಒಪ್ಪಿಸಿ: ‘ಚಿಗರಿ’ ಎನ್ನಬೇಕು, ತಿರುಗಿದ ಮೇಲೆ ತಟ್ಟೆ ಇಡಬೇಕು. ತಾನು ಕರೆದರೆ ಮಾತ್ರ ಓಡಿ ಬರುತ್ತದೆ ಎಂದು ಅವರೇ ಓಣಿಯಲ್ಲಿ ಹೇಳಿಕೊಂಡು ತಿರುಗಾಡುತ್ತಾರೆ.

ತರಬೇತುದಾರರು ‘ನೀವು ಆಲ್ಫಾ, ಅಂದರೆ ಹಿಂಡಿನ ಯಜಮಾನ, ಆಗಬೇಕು, ನಾಯಿಯನ್ನು ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿಯಿರಿ’ ಎಂದೂ ಹೇಳಬಹುದು. ಆ ವಿಚಾರದ ಬೇರು ರುಡಾಲ್ಫ್ ಶೆಂಕೆಲ್ ಎಂಬವರು 1947ರಲ್ಲಿ ಬರೆದ, ಪಂಜರದಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳ ಜಗಳದ ಅಧ್ಯಯನದಲ್ಲಿದೆ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೀಚ್ 1999ರಲ್ಲಿ, ಹಿಂಡೆಂದರೆ ತಂದೆ ತಾಯಿ ಮತ್ತು ಮಕ್ಕಳ ಸಂಸಾರ, ಪಟ್ಟಕ್ಕಾಗಿ ಕಾದಾಡುವ ಗುಂಪಲ್ಲ ಎಂದು ಸ್ಪಷ್ಟವಾಗಿ ಬರೆದರು. ತೋಳದ ವಿಷಯದಲ್ಲೇ ಬಿದ್ದುಹೋದ ವಾದವನ್ನು ನಿಮ್ಮ ಪಡಸಾಲೆಯ ಮರಿಯ ಮೇಲೆ ಹೇರುವುದು ಬೇಡ.

ಇದೆಲ್ಲಕ್ಕಿಂತ ಅವಸರದ್ದೊಂದಿದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ನೂರಾರು ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದ ತನಕ ಮರಿಯ ಮನಸ್ಸು ಹೊಸದಕ್ಕೆ ತೆರೆದಿರುತ್ತದೆ. ಆಮೇಲೆ ಕಾಣದ್ದಕ್ಕೆ, ಕೇಳದ್ದಕ್ಕೆ ಹೆದರುವುದು ಹೆಚ್ಚುತ್ತದೆ. ಚಿಗರಿಗೆ ಆ ಬಾಗಿಲು ಮುಚ್ಚಲು ಇನ್ನು ಒಂದೆರಡೇ ವಾರ ಉಳಿದಿವೆ. ಇತ್ತ ಲಸಿಕೆಗಳು ಪೂರ್ತಿಯಾಗಲು ಹದಿನಾರು ವಾರ ಬೇಕು, ಪಾರ್ವೊ ಸೋಂಕು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಎಳೆಯ ಮರಿಗಳನ್ನು ಕೊಲ್ಲುತ್ತದೆ. ನೆಲಕ್ಕೆ ಬಿಡದೆ ಲೋಕ ತೋರಿಸಿ: ಹೆಗಲಿಗೆ ಹಾಕಿಕೊಂಡೋ ಸ್ಕೂಟರಿನಲ್ಲಿ ಇಬ್ಬರು ಕೂತು ನಡುವೆ ಇಟ್ಟುಕೊಂಡೋ ಸುಭಾಸ ರಸ್ತೆಯ ಗದ್ದಲ, ಬಸ್ಸಿನ ಬ್ರೇಕು, ಛತ್ರಿ, ಹೆಲ್ಮೆಟ್ ಹಾಕಿದವರು, ಗಡ್ಡದವರು, ಡೊಳ್ಳಿನ ಸದ್ದು ಎಲ್ಲವೂ ದೂರದಿಂದ ಕಾಣಲಿ, ಕೇಳಲಿ, ಒಂದೊಂದಕ್ಕೂ ಒಂದು ತುಣುಕು. ಹೆದರಿದರೆ ಇನ್ನೂ ದೂರ ಸರಿಯಿರಿ. ಲಸಿಕೆಯಾದ ಪರಿಚಯದ ನಾಯಿಗಳಿರುವ ಮನೆಗೆ ಒಯ್ಯಬಹುದು. ಬೀದಿನಾಯಿಗಳು ಓಡಾಡುವ ನೆಲ, ಉದ್ಯಾನದ ಹುಲ್ಲು ಈಗ ಬೇಡ. ತಳಿಯ ಬಗ್ಗೆ ಬೇರೆ ಸಂದೇಹಗಳಿದ್ದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ, ಕೇಳಿ.

ಏಳೆಂಟು ತಿಂಗಳಾದಾಗ ಒಂದು ದಿನ ಚಿಗರಿ ಕಲಿತದ್ದೆಲ್ಲ ಮರೆತಂತೆ ಮಾಡುತ್ತದೆ. ಹರೆಯ. ಹತ್ತು ಮೀಟರ್ ಹಗ್ಗವನ್ನು ಮತ್ತೆ ಹೊರತೆಗೆಯಿರಿ, ಪಡಸಾಲೆಯ ಪಾಠಕ್ಕೆ ಮರಳಿ, ಸಿಟ್ಟಾಗಬೇಡಿ.

ಇನ್ನು ಹೊಲ. ಲಸಿಕೆಗಳೆಲ್ಲ ಮುಗಿದ ಮೇಲೆ ಧಾರಾಳವಾಗಿ ಒಯ್ಯಿರಿ, ಆದರೆ ಹಗ್ಗದ ಮೇಲೆ. ನನ್ನ ಮಟ್ಟಿಗೆ, ಬೇಲಿಯಿಲ್ಲದ ಬಯಲಿನಲ್ಲಿ ಮುಧೋಳವನ್ನು ಯಾವ ವಯಸ್ಸಿಗೂ ಪೂರ್ತಿ ಬಿಡುವಂತಿಲ್ಲ, ಎಷ್ಟೇ ಚೆನ್ನಾಗಿ ಕಲಿತಿದ್ದರೂ. ಮನೆಯಂಗಳದಲ್ಲಿ ನೂರಕ್ಕೆ ನೂರು ಸಲ ಬರುವ ನಾಯಿ ಮೊಲ ಎದ್ದ ದಿನ ಬರುವುದಿಲ್ಲ. ಗೋಡೆಯಿರುವ ಶಾಲೆಯ ಮೈದಾನ, ಸುತ್ತ ತಂತಿ ಬೇಲಿಯಿರುವ ತೋಟ ಹುಡುಕಿ, ಅಲ್ಲಿ ಬಿಡಿ, ಬಟ್ಟೆ ಕಟ್ಟಿದ ಹಗ್ಗ ಎಳೆದು ಮನಸಾರೆ ಓಡಿಸಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟರೊಳಗೆ, ಇಲ್ಲವೇ ಸೂರ್ಯ ಮುಳುಗಿದ ಮೇಲೆ. ಊರಿನ ಯಾರಾದರೂ ‘ಮೊಲಕ್ಕೆ ಬಿಟ್ಟು ನೋಡೋಣ’ ಎಂದು ಹುರುಪು ತೋರಿಸಿದರೆ ಅಲ್ಲೇ ತಡೆಯಿರಿ: ಮೊಲವಾಗಲಿ, ನಿಮ್ಮ ಮರಿಗೆ ಹೆಸರು ಕೊಟ್ಟ ಚಿಗರಿಯಾಗಲಿ, ನಾಯಿ ಬಿಟ್ಟು ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ, ಕೇಸು ಬೀಳುವುದು ನಾಯಿ ಬಿಟ್ಟವರ ಮೇಲೆ.